ಉಬುಂಟು ಲ್ಯಾಪ್‌ಟಾಪ್‌ಗೆ ಜೋಡಿಸಿದ ಕ್ಯಾಮೆರಾ ಪೆನ್‌ಡ್ರೈವ್‌ನಂತೆ ಕಾಣಿಸುವುದಿಲ್ಲ, ಏಕೆ?

ಬಸವನಗುಡಿ_ಮೇಷ್ಟ್ರು | ಬುಧವಾರ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಮಗಳು ತನ್ನ ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು 22.04 ಎಂಬ ಲಿನಕ್ಸ್ ಹಾಕಿಕೊಟ್ಟಿದ್ದಾಳೆ, ಟೈಪಿಂಗ್, ಇಮೇಲ್, ಬ್ಯಾಂಕಿನ ಕೆಲಸ ಎಲ್ಲವೂ ಅದರಲ್ಲಿ ಸರಾಗವಾಗಿ ನಡೆಯುತ್ತಿವೆ. ಈಗ ಎದುರಾಗಿರುವ ತೊಡಕು ಕ್ಯಾಮೆರಾದ್ದು.

ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬೀದಿಯಲ್ಲಿ ನಡೆದ ಕಡಲೆಕಾಯಿ ಪರಿಷೆಯಲ್ಲಿ, ನನ್ನ ಕ್ಯಾನನ್ 70ಡಿ ಕ್ಯಾಮೆರಾದಿಂದ 412 ಚಿತ್ರಗಳನ್ನು ತೆಗೆದೆ. ನಮ್ಮ ಬೀದಿಯವರು ಹೊರತರುತ್ತಿರುವ ಚಿಕ್ಕದೊಂದು ಸಂಚಿಕೆಗೆ ಅವುಗಳಲ್ಲಿ ಇಪ್ಪತ್ತನ್ನು ಭಾನುವಾರದೊಳಗೆ ಕೊಡಬೇಕಾಗಿದೆ. ಕ್ಯಾಮೆರಾವನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಸ್ವಿಚ್ ಹಾಕಿ, ಕಾದು ನೋಡಿದೆ, ಏನೂ ಕಾಣಿಸಲಿಲ್ಲ. ಪೆನ್‌ಡ್ರೈವ್ ಹಾಕಿದರೆ ಎಡಬದಿಯಲ್ಲಿ ತಾನಾಗಿಯೇ ಬಂದು ಕೂರುತ್ತದೆ. ಕಾರ್ಡನ್ನೇ ತೆಗೆದು ರೀಡರ್‌ಗೆ ಹಾಕಬಹುದೆಂದು ಬಲ್ಲೆ, ಆದರೆ ಬೆರಳು ನಡುಗುವ ವಯಸ್ಸಿನಲ್ಲಿ ಆ ಪುಟ್ಟ ಚೂರನ್ನು ತೆಗೆದು ಹಾಕುವುದು ನನಗೆ ಒಗ್ಗದು. ಕೇಬಲ್ ದಾರಿಯೇ ಬೇಕು. ಲಿನಕ್ಸ್‌ಗೆ ಬೇರೆ ಡ್ರೈವರ್ ಹಾಕಬೇಕೇ ಎಂಬುದನ್ನು ದಯವಿಟ್ಟು ತಿಳಿಸಿ.

ಎಸ್‌ಪಿ_ರಸ್ತೆ_ಗಿರಾಕಿ | ಬುಧವಾರ, ಬೆಳಿಗ್ಗೆ 9:15

ಮೇಷ್ಟ್ರೇ, ಡ್ರೈವರ್‌ನ ಮಾತು ಆಮೇಲೆ. ಮೊದಲು ಕೇಬಲ್‌ನ ಮೇಲೆ ಅನುಮಾನ ಪಡಿ. ನಿಮ್ಮ ಕ್ಯಾಮೆರಾದ ಪಕ್ಕದಲ್ಲಿರುವುದು ಮಿನಿ-ಬಿ ಎಂಬ ಹಳೆಯ ಮಾದರಿಯ ರಂಧ್ರ. ಆ ತುದಿಯ ಕೇಬಲ್‌ಗಳು ಮನೆಯಲ್ಲಿ ನಾಲ್ಕಾರು ಬಿದ್ದಿರುತ್ತವೆ, ಆದರೆ ಅವುಗಳಲ್ಲಿ ಅನೇಕವು ಚಾರ್ಜಿಂಗ್‌ಗೆಂದೇ ಮಾಡಿದವು. ಯುಎಸ್‌ಬಿ 2.0 ಕೇಬಲ್‌ನೊಳಗೆ ನಾಲ್ಕು ತಂತಿಗಳಿರಬೇಕು: ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಅಗ್ಗದ ಚಾರ್ಜಿಂಗ್ ಕೇಬಲ್‌ನಲ್ಲಿ ಮಾಹಿತಿಯ ಜೋಡಿಯೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಪರೀಕ್ಷೆ ಸುಲಭ. ಟರ್ಮಿನಲ್, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಪರದೆ, ತೆರೆದು ಎಲ್‌ಎಸ್‌ಯುಎಸ್‌ಬಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. (ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಪದದ ಅಕ್ಷರಗಳ ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು.) ಲ್ಯಾಪ್‌ಟಾಪ್‌ಗೆ ಸೇರಿರುವ ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತದೆ. ಕ್ಯಾಮೆರಾ ಜೋಡಿಸುವ ಮೊದಲು ಒಮ್ಮೆ, ಜೋಡಿಸಿ ಸ್ವಿಚ್ ಹಾಕಿದ ಮೇಲೆ ಮತ್ತೊಮ್ಮೆ ನೋಡಿ. ಎರಡನೆಯ ಸಲ ಒಂದು ಸಾಲು ಹೆಚ್ಚಾಗಬೇಕು, ಅದರಲ್ಲಿ 04ಎ9 ಎಂಬ ಸಂಖ್ಯೆ ಇರಬೇಕು. ಅದು ಕ್ಯಾನನ್‌ಗೆ ಸೇರಿದ ತಯಾರಕ ಸಂಖ್ಯೆ. ನಿಕಾನ್ ಆಗಿದ್ದರೆ 04ಬಿ0, ಸೋನಿ ಆಗಿದ್ದರೆ 054ಸಿ ಎಂದು ಬರುತ್ತದೆ. ಆ ಸಾಲೇ ಬರದಿದ್ದರೆ ಯಾವ ಸಾಫ್ಟ್‌ವೇರ್ ಹಾಕಿದರೂ ಪ್ರಯೋಜನವಿಲ್ಲ.

ಬಸವನಗುಡಿ_ಮೇಷ್ಟ್ರು | ಬುಧವಾರ, ರಾತ್ರಿ 8:05

ತಾವು ಹೇಳಿದಂತೆ ನೋಡಿದೆ. ಮೊದಲೂ ಐದು ಸಾಲು, ಆಮೇಲೂ ಐದೇ ಸಾಲು. ಕೇಬಲ್ ಎಲ್ಲಿಂದ ಬಂದದ್ದೆಂದು ನೆನಪಿಸಿಕೊಂಡರೆ, ಅದು ಕಾರಿನಲ್ಲಿದ್ದ ದಾರಿ ತೋರಿಸುವ ಯಂತ್ರದ ಜೊತೆ ಬಂದದ್ದು, ಅಂದರೆ ಬರೀ ಚಾರ್ಜಿಂಗ್‌ನದು. ಮಧ್ಯಾಹ್ನ ಬಸ್ಸು ಹಿಡಿದು ಎಸ್.ಪಿ. ರಸ್ತೆಗೆ ಹೋಗಿ ಹೊಸದೊಂದನ್ನು ತಂದೆ. ಅದನ್ನು ಹಾಕಿದರೂ ಪಟ್ಟಿ ಬೆಳೆಯಲಿಲ್ಲ. ಪಕ್ಕದ ಮನೆಯ ಹುಡುಗ ಬಂದು ಲಿನಕ್ಸ್‌ನ ಒಳಗಿನ ಸಂದೇಶಗಳನ್ನು ತೋರಿಸುವ ಡಿಎಂಇಎಸ್‌ಜಿ ಎಂಬ ಆಜ್ಞೆಯನ್ನು ಸುಡೊ (ಆಜ್ಞೆಗೆ ಯಂತ್ರದ ಪೂರ್ಣ ಅಧಿಕಾರ ಕೊಡುವ ಪದ) ಸೇರಿಸಿ ಹಾಕಿದಾಗ, ಸಾಧನದ ವಿವರವನ್ನು ಓದಲಾಗುತ್ತಿಲ್ಲ, ದೋಷ -71 ಎಂಬ ಸಾಲು ಮೂರು ನಾಲ್ಕು ಬಾರಿ ಬಂದಿತು.

ಎಸ್‌ಪಿ_ರಸ್ತೆ_ಗಿರಾಕಿ | ಬುಧವಾರ, ರಾತ್ರಿ 8:30

ಇದು ಒಳ್ಳೆಯ ಲಕ್ಷಣ, ನಗಬೇಡಿ. ಮೊದಲ ಕೇಬಲ್‌ನಲ್ಲಿ ಮೌನವಿತ್ತು. ಈಗ ತೊದಲು ಮಾತು ಬಂದಿದೆ. ದೋಷ -71 ಎಂದರೆ ತಂತಿಯ ಮೇಲೆ ಸಂಕೇತ ಬಂದರೂ ಅದು ಕಲಸುಮೇಲೋಗರವಾಗಿದೆ ಎಂದರ್ಥ. ಬಹಳಷ್ಟು ಸಲ ಇದಕ್ಕೆ ಕಾರಣ ಕಳಪೆ ಕೇಬಲ್, ಸಡಿಲವಾದ ಪಿನ್, ಅಥವಾ ನಡುವೆ ಇಟ್ಟ ಅಗ್ಗದ ಹಬ್. ಹಬ್ ಇದ್ದರೆ ತೆಗೆದು ನೇರವಾಗಿ ಲ್ಯಾಪ್‌ಟಾಪ್‌ಗೆ ಚುಚ್ಚಿ, ಇನ್ನೊಂದು ಬದಿಯ ಪೋರ್ಟ್‌ನಲ್ಲೂ ನೋಡಿ. ಆಗಲೂ ಅದೇ ಆದರೆ ಕೇಬಲ್ಲನ್ನು ಅದೇ ಅಂಗಡಿಗೆ ಒಯ್ದು, ಕ್ಯಾಮೆರಾವನ್ನೂ ಜೊತೆಗೆ ಕೊಂಡುಹೋಗಿ, ಅಲ್ಲಿಯೇ ಹಾಕಿ ತೋರಿಸಿ ಬದಲಾಯಿಸಿಕೊಳ್ಳಿ. ಒಂದೂವರೆ ಮೀಟರ್‌ಗಿಂತ ಉದ್ದದ್ದು ಬೇಡ.

ಹಕ್ಕಿನೋಟ | ಬುಧವಾರ, ರಾತ್ರಿ 9:10

ಒಂದು ಸಣ್ಣ ಸೇರ್ಪಡೆ. 70ಡಿ ಕ್ಯಾಮೆರಾದ ಮೆನುವಿನಲ್ಲಿ ವೈಫೈ ಚಾಲೂ ಇದ್ದರೆ, ಕೇಬಲ್ ಮೂಲಕ ಕಂಪ್ಯೂಟರ್‌ಗೆ ಸೇರಿಸಲು ಆಗುವುದಿಲ್ಲ. ಕೈಪಿಡಿಯಲ್ಲಿಯೇ ಹೀಗೆಂದು ಹೇಳಿದೆ. ಹೆಸರಘಟ್ಟದ ಹುಲ್ಲುಗಾವಲಿನಿಂದ ಬಂದ ಒಂದು ಸಂಜೆ ನಾನು ಎರಡು ಗಂಟೆ ಕೇಬಲ್‌ಗಳನ್ನು ಬೈದುಕೊಂಡು ಕಳೆದ ಮೇಲೆ ಇದು ಹೊಳೆಯಿತು. ವೈಫೈ ಆಫ್ ಮಾಡಿ. ತಾನಾಗಿ ಆಫ್ ಆಗುವ ವ್ಯವಸ್ಥೆಯ ಅವಧಿಯನ್ನೂ ಹೆಚ್ಚಿಸಿ, ಇಲ್ಲವಾದರೆ ನಡುವೆ ಕ್ಯಾಮೆರಾ ನಿದ್ದೆ ಹೋಗಬಹುದು. ಬ್ಯಾಟರಿ ತುಂಬಿರಲಿ.

ಬಸವನಗುಡಿ_ಮೇಷ್ಟ್ರು | ಗುರುವಾರ, ಮಧ್ಯಾಹ್ನ 3:20

ಕೇಬಲ್ ಬದಲಾಯಿಸಿಕೊಂಡು ಬಂದೆ; ಅಂಗಡಿಯಾತ ತಕರಾರು ಮಾಡದೆ ತುಸು ದಪ್ಪನೆಯದನ್ನು ಕೊಟ್ಟ. ವೈಫೈ ನಿಜಕ್ಕೂ ಚಾಲೂ ಇತ್ತು, ಅದನ್ನೂ ಆಫ್ ಮಾಡಿದೆ. ಈಗ ಪಟ್ಟಿಯಲ್ಲಿ ಆರನೆಯ ಸಾಲು ಬಂದಿದೆ, 04ಎ9 ಕೂಡ ಇದೆ. ಸಂತೋಷವಾಯಿತು.

ಆದರೆ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ. ಪೆನ್‌ಡ್ರೈವ್‌ಗಳು ಬಂದು ಕೂರುವ ಮೀಡಿಯಾ ಫೋಲ್ಡರ್‌ನಲ್ಲಿ ಕ್ಯಾಮೆರಾ ಇಲ್ಲ. ಹುಡುಗನ ಮಾತಿನಂತೆ ಜಿಫೋಟೋ2 ಎಂಬ ತಂತ್ರಾಂಶವನ್ನು ಹಾಕಿಕೊಂಡು ಚಿತ್ರಗಳ ಪಟ್ಟಿ ಕೇಳಿದರೆ, ಯುಎಸ್‌ಬಿ ಸಾಧನವನ್ನು ವಶಕ್ಕೆ ತೆಗೆದುಕೊಳ್ಳಲಾಗಲಿಲ್ಲ ಎಂದು ಹೇಳಿ ದೋಷ -53 ತೋರಿಸುತ್ತದೆ. ವಶಕ್ಕೆ ತೆಗೆದುಕೊಂಡಿರುವವರು ಮತ್ತಾರು? ಮನೆಯಲ್ಲಿ ನಾನೊಬ್ಬನೇ ಇದ್ದೇನೆ.

ಟರ್ಮಿನಲ್_ಸಹವಾಸಿ | ಗುರುವಾರ, ಸಂಜೆ 6:45

ಸರ್, ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಮೂಲದಿಂದ ಹೊರಡುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪೆನ್‌ಡ್ರೈವ್ ಯುಎಸ್‌ಬಿ ಮಾಸ್ ಸ್ಟೋರೇಜ್ ಎಂಬ ವರ್ಗಕ್ಕೆ ಸೇರಿದ್ದು. ಅದು ತನ್ನ ಕಪಾಟನ್ನೇ ಕಂಪ್ಯೂಟರ್‌ನ ಮುಂದೆ ತೆರೆದಿಟ್ಟುಬಿಡುತ್ತದೆ. ಯಾವ ಫೈಲ್ ಎಲ್ಲಿದೆ, ಎಲ್ಲಿ ಜಾಗ ಖಾಲಿ ಇದೆ ಎಂಬ ಲೆಕ್ಕವನ್ನೆಲ್ಲ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ನಿಮ್ಮ ಕ್ಯಾಮೆರಾ ಹಾಗೆ ಮಾಡುವುದಿಲ್ಲ. ಅದು ಪಿಟಿಪಿ, ಅಂದರೆ ಚಿತ್ರ ವರ್ಗಾವಣೆ ಶಿಷ್ಟಾಚಾರ, ಎಂಬ ಭಾಷೆಯಲ್ಲಿ ಮಾತನಾಡುತ್ತದೆ. ಅದಕ್ಕೆ ಐಎಸ್‌ಒ 15740 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ತಾವು ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೆ ಹೋಗಿಯೇ ಇರುತ್ತೀರಿ. ಓದುಗನೇ ಕಪಾಟಿನಿಂದ ಪುಸ್ತಕ ತೆಗೆದುಕೊಳ್ಳುವುದು ಒಂದು ಕ್ರಮ. ಚೀಟಿ ಬರೆದು ಕಿಟಕಿಯಲ್ಲಿ ಕೊಟ್ಟರೆ ಒಳಗಿನವರು ತಂದುಕೊಡುವುದು ಇನ್ನೊಂದು ಕ್ರಮ. ಪಿಟಿಪಿ ಈ ಎರಡನೆಯದು. ಕಂಪ್ಯೂಟರ್ ಮೊದಲು ಮಾತುಕತೆ ತೆರೆಯುತ್ತದೆ, ಬಳಿಕ ಯಾವ ಯಾವ ಚಿತ್ರಗಳಿವೆ ಎಂದು ಕೇಳುತ್ತದೆ, ಕ್ಯಾಮೆರಾ ಪ್ರತಿಯೊಂದು ಚಿತ್ರಕ್ಕೂ ಒಂದು ಸಂಖ್ಯೆ ಕೊಡುತ್ತದೆ, ಆ ಸಂಖ್ಯೆ ಹೇಳಿದರೆ ಚಿತ್ರ ಬರುತ್ತದೆ. ಕಾರ್ಡಿನೊಳಗಿನ ಫೈಲ್ ವ್ಯವಸ್ಥೆಯನ್ನು ಕಂಪ್ಯೂಟರ್ ಮುಟ್ಟುವುದೇ ಇಲ್ಲ.

ಇದರಲ್ಲಿ ಅರ್ಥವಿದೆ. ಒಂದೇ ಕಾರ್ಡಿನ ಲೆಕ್ಕವನ್ನು ಕ್ಯಾಮೆರಾ ಮತ್ತು ಕಂಪ್ಯೂಟರ್ ಎರಡೂ ಒಂದೇ ಸಮಯದಲ್ಲಿ ಬರೆಯಹೊರಟರೆ ಲೆಕ್ಕ ಕೆಡುತ್ತದೆ. ಪಿಟಿಪಿಯಲ್ಲಿ ಕಾರ್ಡಿನ ಯಜಮಾನಿಕೆ ಸದಾ ಕ್ಯಾಮೆರಾದ್ದೇ ಆಗಿರುವುದರಿಂದ, ಕೇಬಲ್ ಜೋಡಿಸಿಕೊಂಡೇ ಚಿತ್ರ ತೆಗೆಯುವುದೂ ಸಾಧ್ಯವಾಗುತ್ತದೆ. ನಿಕಾನ್‌ನ ಡಿ40, ಡಿ80 ಕಾಲದ ಕ್ಯಾಮೆರಾಗಳ ಮೆನುವಿನಲ್ಲಿ ಮಾಸ್ ಸ್ಟೋರೇಜ್ ಬೇಕೋ ಪಿಟಿಪಿ ಬೇಕೋ ಎಂದು ಆರಿಸಿಕೊಳ್ಳುವ ಅವಕಾಶವಿತ್ತು, ಸೋನಿಯ ಅನೇಕ ಮಾದರಿಗಳಲ್ಲೂ ಇದೆ. ನಿಮ್ಮ 70ಡಿ ಪಿಟಿಪಿಯನ್ನು ಮಾತ್ರ ಬಲ್ಲದು. ಆದ್ದರಿಂದ ಅದು ಮೀಡಿಯಾ ಫೋಲ್ಡರ್‌ನಲ್ಲಿ ಎಂದೂ ಕಾಣಿಸುವುದಿಲ್ಲ, ಬೇರೆ ಡ್ರೈವರ್ ಕೂಡ ಬೇಕಾಗಿಲ್ಲ. ಲಿನಕ್ಸ್‌ನಲ್ಲಿ ಈ ಭಾಷೆಯನ್ನು ಆಡುವುದು ಅದರ ತಿರುಳಾದ ಕರ್ನೆಲ್ ಅಲ್ಲ, ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಲಿಬ್‌ಜಿಫೋಟೋ2 ಎಂಬ ಗ್ರಂಥಾಲಯ (ಇಲ್ಲೂ ಗ್ರಂಥಾಲಯವೇ, ನೋಡಿ). ಅದು ಎರಡು ಸಾವಿರಕ್ಕೂ ಹೆಚ್ಚು ಮಾದರಿಯ ಕ್ಯಾಮೆರಾಗಳನ್ನು ಗುರುತಿಸುತ್ತದೆ, ಮತ್ತು ಜಿಫೋಟೋ2, ಡಿಜಿಕ್ಯಾಮ್, ಶಾಟ್‌ವೆಲ್, ಡಾರ್ಕ್‌ಟೇಬಲ್ ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ.

ಇನ್ನು ನಿಮ್ಮ -53. ಕಿಟಕಿ ಒಂದೇ ಇರುವುದರಿಂದ ಒಂದು ಸಮಯಕ್ಕೆ ಒಂದೇ ಪ್ರೋಗ್ರಾಂ ನಿಲ್ಲಬಹುದು. ನೀವು ಕ್ಯಾಮೆರಾ ಜೋಡಿಸಿದ ಕೂಡಲೇ ಉಬುಂಟುವಿನ ಜಿವಿಎಫ್‌ಎಸ್ ಎಂಬ ಸೇವೆ ನಿಮ್ಮ ಉಪಕಾರಕ್ಕೆಂದೇ ಓಡಿಬಂದು ಆ ಕಿಟಕಿಯ ಮುಂದೆ ನಿಂತುಬಿಟ್ಟಿದೆ. ನಿಮಗಿಂತ ಮೊದಲೇ ವಶಪಡಿಸಿಕೊಂಡವರು ಅವರೇ. ಫೈಲ್ಸ್ ಅಪ್ಲಿಕೇಶನ್ ತೆರೆದು ಎಡಬದಿಯಲ್ಲಿ ಕೆಳಗೆ ಕಣ್ಣಾಡಿಸಿ. ಕ್ಯಾಮೆರಾದ ಹೆಸರಿನ ಸಾಲೊಂದು ಇರಬೇಕು.

ಈಗ ಎರಡು ದಾರಿಗಳಿವೆ. ಟರ್ಮಿನಲ್ ಬೇಡವೆಂದಾದರೆ ಆ ಸಾಲನ್ನೇ ಒತ್ತಿ, ಡಿಸಿಐಎಂ ಫೋಲ್ಡರ್‌ನ ಒಳಗೆ 100ಕ್ಯಾನನ್ ಎಂಬುದನ್ನು ತೆರೆದು, ಅಷ್ಟೂ ಚಿತ್ರಗಳನ್ನು ಪಿಕ್ಚರ್ಸ್ ಫೋಲ್ಡರ್‌ಗೆ ಕಾಪಿ ಮಾಡಿ. ಕ್ಯಾಮೆರಾದಲ್ಲಿರುವಾಗಲೇ ಚಿತ್ರಗಳನ್ನು ತೆರೆದು ನೋಡುತ್ತಾ ಕೂರಬೇಡಿ, ಪ್ರತಿಯೊಂದಕ್ಕೂ ಚೀಟಿ ಹೋಗಿ ಬರಬೇಕಾದ್ದರಿಂದ ಅದು ಬಹಳ ನಿಧಾನ. ಜಿಫೋಟೋ2 ಬಳಸುವುದಾದರೆ, ಮೊದಲು ಆ ಸಾಲಿನ ಪಕ್ಕದ ಎಜೆಕ್ಟ್ ಗುರುತನ್ನು ಒತ್ತಿ ಜಿವಿಎಫ್‌ಎಸ್ ಅನ್ನು ಕಿಟಕಿಯಿಂದ ಸರಿಸಿ. ಟರ್ಮಿನಲ್‌ನಲ್ಲಿ ಇದನ್ನೇ ಮಾಡಲು ಜಿಯೋ ಮೌಂಟ್ ಆಜ್ಞೆಗೆ ಎಸ್ ಆಯ್ಕೆ ಕೊಟ್ಟು ಮುಂದೆ ಜಿಫೋಟೋ2 ಎಂದು ಬರೆಯಬೇಕು. ಬಳಿಕ ಚಿತ್ರಗಳು ಬರಬೇಕಾದ ಫೋಲ್ಡರ್‌ಗೆ ಹೋಗಿ, ಜಿಫೋಟೋ2 ಆಜ್ಞೆಗೆ ಗೆಟ್-ಆಲ್-ಫೈಲ್ಸ್ ಆಯ್ಕೆಯನ್ನು ಸೇರಿಸಿ. ಜೊತೆಗೆ ಸ್ಕಿಪ್-ಎಕ್ಸಿಸ್ಟಿಂಗ್ ಎಂಬುದನ್ನೂ ಸೇರಿಸಿದರೆ, ಒಮ್ಮೆ ಬಂದ ಚಿತ್ರವನ್ನು ಮತ್ತೆ ತರುವುದಿಲ್ಲ. ನಡುವೆ ಕೇಬಲ್ ಕಳಚಿಕೊಂಡರೆ ಇದರ ಬೆಲೆ ತಿಳಿಯುತ್ತದೆ. ಎರಡೂ ಆಯ್ಕೆಗಳ ಮುಂದೆ ಎರಡೆರಡು ಅಡ್ಡಗೆರೆಗಳು ಇರಬೇಕು.

ಒಂದು ಎಚ್ಚರಿಕೆ: ಇವುಗಳಲ್ಲಿ ಯಾವುದಕ್ಕೂ ಸುಡೊ ಬೇಡ.

ಕಾರ್ಡ್_ರೀಡರ್_ಪಕ್ಷ | ಗುರುವಾರ, ರಾತ್ರಿ 10:02

ಇಷ್ಟೆಲ್ಲ ಹರಿಕಥೆ ಯಾಕೆ? ಮುನ್ನೂರು ರೂಪಾಯಿಯ ಕಾರ್ಡ್ ರೀಡರ್ ತಂದರೆ ಕ್ಯಾಮೆರಾದ ಬ್ಯಾಟರಿ ಉಳಿಯುತ್ತದೆ, ಪಿಟಿಪಿಯ ಗೊಡವೆ ಇಲ್ಲ, ವೇಗವೂ ಹೆಚ್ಚು. ನಾನು ಕೇಬಲ್ ಮುಟ್ಟಿ ಎಷ್ಟೋ ವರ್ಷಗಳಾದವು.

ಟರ್ಮಿನಲ್_ಸಹವಾಸಿ | ಗುರುವಾರ, ರಾತ್ರಿ 10:40

ವೇಗದ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಅಳಿಸಿಹೋದ ಚಿತ್ರಗಳನ್ನು ಫೋಟೋರೆಕ್‌ನಿಂದ ಹುಡುಕಬೇಕಾದರೆ ರೀಡರ್ ಇಲ್ಲದೆ ಆಗುವುದೇ ಇಲ್ಲ, ಏಕೆಂದರೆ ಆ ತಂತ್ರಾಂಶಕ್ಕೆ ಇಡೀ ಕಪಾಟು ತೆರೆದಿರಬೇಕು. ಪಿಟಿಪಿಯ ಕಿಟಕಿಯಲ್ಲಿ ಕ್ಯಾಮೆರಾ ಇದೆಯೆಂದು ಹೇಳಿದ ಚಿತ್ರಗಳಷ್ಟೇ ಸಿಗುತ್ತವೆ. ಆದರೆ ಮೇಷ್ಟ್ರು ತಮ್ಮ ಕೈ ನಡುಗುತ್ತದೆ ಎಂದು ಮೊದಲ ಪತ್ರದಲ್ಲಿಯೇ ಬರೆದಿದ್ದಾರೆ. ಅವರು ಕೇಳಿದ ಪ್ರಶ್ನೆಗೆ ಉತ್ತರ ಕೊಡೋಣ.

ರೀಡರ್ ಬಳಸುವವರಿಗೂ ಒಂದು ಮಾತು ಇದೆ. 32 ಜಿಬಿವರೆಗಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಫ್ಯಾಟ್32 ಎಂಬ ಫೈಲ್ ವ್ಯವಸ್ಥೆ ಇರುತ್ತದೆ, 64 ಜಿಬಿ ಮತ್ತು ಅದಕ್ಕಿಂತ ದೊಡ್ಡವುಗಳಲ್ಲಿ ಎಕ್ಸ್‌ಫ್ಯಾಟ್. ಮೈಕ್ರೋಸಾಫ್ಟ್ ಎಕ್ಸ್‌ಫ್ಯಾಟ್‌ನ ವಿವರಗಳನ್ನು 2019ರಲ್ಲಿ ಪ್ರಕಟಿಸಿದ ಮೇಲೆ, ಅದರ ಈಗಿನ ಡ್ರೈವರ್ 2020ರ 5.7 ಕರ್ನೆಲ್‌ಗೆ ಬಂದಿತು. ಅದಕ್ಕಿಂತ ಹಳೆಯ ಲಿನಕ್ಸ್ ಇಟ್ಟುಕೊಂಡವರು ದೊಡ್ಡ ಕಾರ್ಡ್ ಹಾಕಿ ತೆರೆಯದಿದ್ದರೆ ಗಾಬರಿಯಾಗಬಾರದು, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಹೂಂ ಎನ್ನಲೂ ಬಾರದು. ಎಕ್ಸ್‌ಫ್ಯಾಟ್-ಫ್ಯೂಸ್ ಪ್ಯಾಕೇಜ್ ಹಾಕಿಕೊಂಡರೆ ಸಾಕು.

ಬಸವನಗುಡಿ_ಮೇಷ್ಟ್ರು | ಶುಕ್ರವಾರ, ಬೆಳಿಗ್ಗೆ 11:25

ಅಮ್ಮಾ, ಗ್ರಂಥಾಲಯದ ಉಪಮೆಯಿಂದ ವಿಷಯ ಮನಸ್ಸಿಗೆ ಇಳಿಯಿತು. ಎಡಬದಿಯಲ್ಲಿ ಕ್ಯಾಮೆರಾದ ಹೆಸರು ನಿನ್ನೆಯಿಂದಲೂ ಇತ್ತು. ನಾನು ಮೀಡಿಯಾ ಫೋಲ್ಡರ್‌ನಲ್ಲೇ ಹುಡುಕುತ್ತಾ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಅರಸಿದಂತಾಯಿತು.

ನಾನು ಎಜೆಕ್ಟ್ ಒತ್ತಿ, ಜಿಫೋಟೋ2 ದಾರಿಯಲ್ಲೇ ಹೋದೆ. ಪರದೆಯ ಮೇಲೆ ಒಂದೊಂದೇ ಹೆಸರು ಬರುತ್ತಾ, ಐದಾರು ನಿಮಿಷಗಳಲ್ಲಿ 412 ಚಿತ್ರಗಳೂ ಬಂದಿಳಿದವು. ಕಡಲೆಕಾಯಿ ರಾಶಿಯ ಮೇಲೆ ನಿದ್ದೆ ಹೋಗಿದ್ದ ಮಗುವಿನ ಚಿತ್ರವನ್ನು ದೊಡ್ಡ ಪರದೆಯಲ್ಲಿ ಕಂಡಾಗ ಮೂರು ದಿನದ ಆಯಾಸ ಇಳಿಯಿತು.

ಆದರೆ ಎರಡು ತಪ್ಪುಗಳಾಗಿವೆ, ಒಂದು ನನ್ನದು. ತಮ್ಮ ಎಚ್ಚರಿಕೆಯನ್ನು ಓದುವ ಮೊದಲೇ ಹುಡುಗ ಬರೆದುಕೊಟ್ಟಿದ್ದ ಚೀಟಿಯಂತೆ ಸುಡೊ ಸೇರಿಸಿಬಿಟ್ಟಿದ್ದೆ. ಈಗ ಯಾವ ಚಿತ್ರವನ್ನು ತಿದ್ದಿ ಉಳಿಸಹೋದರೂ ಅನುಮತಿ ಇಲ್ಲ ಎನ್ನುತ್ತದೆ. ಎರಡನೆಯದು ವಿಚಿತ್ರವಾಗಿದೆ. ಸೋಮವಾರ ಸಂಜೆ 6:42ಕ್ಕೆ ತೆಗೆದ ಚಿತ್ರದ ಫೈಲ್ ದಿನಾಂಕ ಮಂಗಳವಾರ ರಾತ್ರಿ 12:12 ಎಂದಿದೆ. ಆ ಹೊತ್ತಿಗೆ ನಾನು ಮಲಗಿ ಎರಡು ಗಂಟೆಯಾಗಿತ್ತು. ಕ್ಯಾಮೆರಾದ ಗಡಿಯಾರ ಸರಿಯಾಗಿಯೇ ಇದೆ.

ಟರ್ಮಿನಲ್_ಸಹವಾಸಿ | ಶುಕ್ರವಾರ, ಮಧ್ಯಾಹ್ನ 1:50

ಮೊದಲನೆಯದಕ್ಕೆ ಪರಿಹಾರ ಸುಲಭ. ಸುಡೊ ಹಾಕಿ ತಂದ ಚಿತ್ರಗಳ ಒಡೆಯ ರೂಟ್ ಎಂಬ ಬಳಕೆದಾರ ಆಗಿದ್ದಾನೆ. ಸುಡೊ ಸೇರಿಸಿ ಸಿಎಚ್‌ಒಡಬ್ಲ್ಯುಎನ್ ಆಜ್ಞೆ, ಅದಕ್ಕೆ ದೊಡ್ಡ ಆರ್ ಆಯ್ಕೆ, ಬಳಿಕ ನಿಮ್ಮ ಬಳಕೆದಾರ ಹೆಸರು, ಕೊನೆಗೆ ಆ ಫೋಲ್ಡರ್‌ನ ಹೆಸರು ಕೊಟ್ಟರೆ ಒಡೆತನ ನಿಮಗೆ ಬರುತ್ತದೆ. ಆ ಫೋಲ್ಡರ್ ಒಂದರ ಮೇಲೆ ಮಾತ್ರ ಮಾಡಿ.

ಎರಡನೆಯದರಲ್ಲಿ ವ್ಯತ್ಯಾಸ ಎಷ್ಟೆಂದು ಲೆಕ್ಕ ಹಾಕಿದಿರಾ ಸರ್? ಸರಿಯಾಗಿ ಐದೂವರೆ ಗಂಟೆ. ನಮ್ಮ ಭಾರತೀಯ ಕಾಲಮಾನ ಜಾಗತಿಕ ಕಾಲಮಾನಕ್ಕಿಂತ 5:30 ಗಂಟೆ ಮುಂದಿದೆ. ಕ್ಯಾಮೆರಾ ತನ್ನ ಗಡಿಯಾರದಲ್ಲಿ ಕಂಡ 6:42ನ್ನು ಬರೆದಿಟ್ಟಿತು, ಅದು ಯಾವ ಊರಿನ 6:42 ಎಂಬುದನ್ನು ಬರೆಯಲಿಲ್ಲ. ನಡುವಿನ ತಂತ್ರಾಂಶ ಅದನ್ನು ಜಾಗತಿಕ ಕಾಲಮಾನವೆಂದು ತಿಳಿದು, ಬೆಂಗಳೂರಿಗೆ ಹೊಂದಿಸುವ ಉತ್ಸಾಹದಲ್ಲಿ ಐದೂವರೆ ಗಂಟೆ ಕೂಡಿಸಿತು. ಫ್ಯಾಟ್ ಕಾರ್ಡನ್ನು ರೀಡರ್‌ನಲ್ಲಿ ಓದುವವರಿಗೂ ಇದು ಒಮ್ಮೊಮ್ಮೆ ಆಗುತ್ತದೆ, ಏಕೆಂದರೆ ಫ್ಯಾಟ್‌ನಲ್ಲಿ ಕಾಲವಲಯಕ್ಕೆ ಜಾಗವೇ ಇಲ್ಲ.

ಕ್ಯಾಮೆರಾ ಚಿತ್ರದ ಒಳಗೇ ಬರೆದಿಡುವ, ಎಕ್ಸಿಫ್ ಎಂಬ ಮಾಹಿತಿ ಕೆಟ್ಟಿಲ್ಲ, ಫೈಲ್‌ನ ಹೊರಗಿನ ದಿನಾಂಕ ಮಾತ್ರ ಕೆಟ್ಟಿದೆ. ಎಕ್ಸಿಫ್‌ಟೂಲ್ ಹಾಕಿಕೊಂಡು, ಫೈಲ್‌ಮಾಡಿಫೈಡೇಟ್ ಎಂಬುದನ್ನು ಡೇಟ್‌ಟೈಮ್‌ಒರಿಜಿನಲ್‌ನಿಂದ ತುಂಬಿಸುವಂತೆ ಹೇಳಿ. ಒಂದು ಅಡ್ಡಗೆರೆ, ಮೊದಲ ಹೆಸರು, ಎಡಕ್ಕೆ ಮೊನೆ ಮಾಡಿದ ಬಾಣದಂತಹ ಕಿರಿದೆಂಬ ಚಿಹ್ನೆ, ಎರಡನೆಯ ಹೆಸರು, ಇವಿಷ್ಟನ್ನೂ ಜಾಗ ಬಿಡದೆ ಬರೆದು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಇಡದಿದ್ದರೆ ಟರ್ಮಿನಲ್ ಆ ಬಾಣವನ್ನು ತನಗೇ ಹೇಳಿದ್ದೆಂದು ತಿಳಿಯುತ್ತದೆ. ಈ ಎರಡು ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಪ್ರತಿ ಪದದ ಮೊದಲ ಅಕ್ಷರ ದೊಡ್ಡದಾಗಿದ್ದರೆ ಓದಲು ಅನುಕೂಲ. ಕೊನೆಯಲ್ಲಿ ಜಾಗ ಬಿಟ್ಟು ಫೋಲ್ಡರ್‌ನ ಹೆಸರು. ಮೊದಲು ಒಂದು ಚಿತ್ರದ ಪ್ರತಿಯ ಮೇಲೆ ಪ್ರಯೋಗ ಮಾಡಿ ನೋಡಿ.

ಕಾಲವಲಯವನ್ನೂ ಬರೆದಿಡುವ ಅವಕಾಶ ಎಕ್ಸಿಫ್‌ಗೆ ಬಂದದ್ದು 2016ರ 2.31 ಆವೃತ್ತಿಯಲ್ಲಿ. ನಿಮ್ಮ ಕ್ಯಾಮೆರಾ 2013ರದು, ಅದನ್ನು ದೂರುವಂತಿಲ್ಲ.

ಹಕ್ಕಿನೋಟ | ಶುಕ್ರವಾರ, ಸಂಜೆ 5:30

ಇದೇ ಎಳೆಯಲ್ಲಿ ನನ್ನದೂ ಒಂದು ಪ್ರಶ್ನೆಯನ್ನು ಕೇಳಿಬಿಡುತ್ತೇನೆ. ಬಾಲ್ಕನಿಯಲ್ಲಿ ಗೂಡು ಕಟ್ಟಿರುವ ಸೂರಕ್ಕಿಯನ್ನು ತೊಂದರೆಯಾಗದಂತೆ ಚಿತ್ರಿಸಲು, ಕ್ಯಾಮೆರಾವನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಜೋಡಿಸಿ, ಒಳಗಿನ ಕೋಣೆಯಿಂದ ಎಸ್‌ಎಸ್‌ಎಚ್ (ದೂರದಿಂದಲೇ ಲಾಗಿನ್ ಆಗುವ ವ್ಯವಸ್ಥೆ) ಮೂಲಕ ಜಿಫೋಟೋ2 ನಡೆಸುತ್ತಿದ್ದೇನೆ. ಸುಡೊ ಹಾಕಿದರೆ ಕ್ಲಿಕ್ಕಾಗುತ್ತದೆ, ಹಾಕದಿದ್ದರೆ ಅನುಮತಿ ಇಲ್ಲ ಎನ್ನುತ್ತದೆ. ಪೈಗೆ ಪರದೆ ಜೋಡಿಸಿ ಎದುರಿಗೆ ಕುಳಿತರೆ ಸುಡೊ ಬೇಕಾಗುವುದಿಲ್ಲ.

ಟರ್ಮಿನಲ್_ಸಹವಾಸಿ | ಶುಕ್ರವಾರ, ಸಂಜೆ 6:20

ನೀವು ಕಂಡ ವ್ಯತ್ಯಾಸದಲ್ಲಿಯೇ ಉತ್ತರವಿದೆ. ಯಂತ್ರದ ಎದುರಿಗೆ ಕುಳಿತು ಲಾಗಿನ್ ಆದವರಿಗೆ ಸಾಧನಗಳನ್ನು ನೋಡಿಕೊಳ್ಳುವ ಯುಡೆವ್ ಮತ್ತು ಲಾಗಿನ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಸೇರಿ ಕ್ಯಾಮೆರಾದ ಅನುಮತಿಯನ್ನು ತಾವಾಗಿಯೇ ಕೊಡುತ್ತವೆ. ದೂರದಿಂದ ಬಂದವರನ್ನು ಎದುರಿಗಿರುವವರೆಂದು ಎಣಿಸುವುದಿಲ್ಲ. ಪ್ಲಗ್‌ಡೆವ್ ಎಂಬ ಗುಂಪಿಗೆ ನಿಮ್ಮ ಬಳಕೆದಾರನನ್ನು ಸೇರಿಸಿ, ಕ್ಯಾಮೆರಾದ ತಯಾರಕ ಸಂಖ್ಯೆಯನ್ನು ಆ ಗುಂಪಿಗೆ ಒಪ್ಪಿಸುವ ಒಂದು ಸಾಲಿನ ಯುಡೆವ್ ನಿಯಮ ಬರೆದು, ಕೇಬಲ್ ಕಳಚಿ ಮತ್ತೆ ಹಾಕಿ. ಗುಂಪಿಗೆ ಸೇರಿದ್ದು ಜಾರಿಯಾಗಲು ಒಮ್ಮೆ ಲಾಗ್‌ಔಟ್ ಆಗಿ ಬರಬೇಕು. ಕ್ಲಿಕ್ಕಿಸಿದ ಚಿತ್ರ ನೇರವಾಗಿ ಪೈಗೆ ಇಳಿಯಲು ಕ್ಯಾಪ್ಚರ್-ಇಮೇಜ್-ಆ್ಯಂಡ್-ಡೌನ್‌ಲೋಡ್ ಆಯ್ಕೆಯನ್ನು ಬಳಸಿ.

ಕಾರ್ಡ್_ರೀಡರ್_ಪಕ್ಷ | ಶುಕ್ರವಾರ, ರಾತ್ರಿ 9:00

ಸೂರಕ್ಕಿಯ ವಿಷಯದಲ್ಲಿ ಸೋತೆ. ಅದಕ್ಕೆ ಕೇಬಲ್ಲೇ ಬೇಕು.

ಬಸವನಗುಡಿ_ಮೇಷ್ಟ್ರು | ಶನಿವಾರ, ಬೆಳಿಗ್ಗೆ 8:15

ಒಡೆತನವೂ ಮರಳಿತು, ದಿನಾಂಕವೂ ಸೋಮವಾರಕ್ಕೆ ಮರಳಿತು. ಎಕ್ಸಿಫ್‌ಟೂಲ್ ಮೊದಲ ಸಲ ಫೈಲ್ ಸಿಗಲಿಲ್ಲ ಎಂದಿತು. ನೋಡಿದರೆ ಫೋಲ್ಡರ್‌ಗೆ ಕಡಲೆಕಾಯಿ ಪರಿಷೆ ಎಂದು ಕನ್ನಡದಲ್ಲಿ ಹೆಸರಿಟ್ಟಿದ್ದೆ, ನಡುವಿನ ಜಾಗದಿಂದಾಗಿ ಅದನ್ನು ಎರಡು ಹೆಸರುಗಳೆಂದು ತಿಳಿದಿತ್ತು. ಅದನ್ನೂ ಉದ್ಧರಣ ಚಿಹ್ನೆಯೊಳಗೆ ಇಟ್ಟ ಮೇಲೆ ಕೆಲಸ ನಡೆಯಿತು. ಕನ್ನಡ ಅಕ್ಷರಗಳಿಂದ ಏನೂ ತೊಂದರೆಯಾಗಲಿಲ್ಲ.

ಕಾರ್ಡನ್ನು ಇನ್ನೂ ಖಾಲಿ ಮಾಡಿಲ್ಲ. ಚಿತ್ರಗಳ ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡ ಮೇಲೆ, ಕ್ಯಾಮೆರಾದ ಮೆನುವಿನಿಂದಲೇ ಫಾರ್ಮ್ಯಾಟ್ ಮಾಡುತ್ತೇನೆ. ದಪ್ಪ ಕೇಬಲ್‌ಗೆ ಕೆಂಪು ದಾರ ಕಟ್ಟಿ ಕ್ಯಾಮೆರಾದ ಚೀಲದಲ್ಲಿ ಇಟ್ಟಿದ್ದೇನೆ. ಕಾರಿನ ಕೇಬಲ್ ಮರಳಿ ಕಾರಿಗೆ ಹೋಯಿತು. ಇಪ್ಪತ್ತು ಚಿತ್ರಗಳಲ್ಲಿ ಹದಿನೇಳನ್ನು ಆರಿಸಿಯಾಗಿದೆ.